ಸೈಡ್ ಕೊಟ್ಟ ಡ್ರೈವರ್

ಅದಿರಿನ ವ್ಯಾಪಾರ ಜೋರಾಗಿದ್ದ ವರ್ಷಗಳವು. ಸಂಡೂರಿನ ಹೊರಗೆ ಭಾನುವಾರ ಖಾಲಿ ಇರುತ್ತಿದ್ದ ಅದಿರಿನ ಯಾರ್ಡೊಂದರಲ್ಲಿ ಬೈಕಿನವರು ವೇಗದ ಅಭ್ಯಾಸ ಮಾಡುತ್ತಿದ್ದರು. ಹೊಸಪೇಟೆಯ ಮೆಕ್ಯಾನಿಕ್ ಆಗಿದ್ದ ನನಗೆ ಹೆಲ್ಮೆಟ್ ನೋಡುವ, ನಿಯಮ ಹೇಳುವ, ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲುವ ಕೆಲಸ. ಕೆಂಪು ಧೂಳಿನಲ್ಲಿ ನಿಂತು ನಿಂತು ಮೈ ಸೋತುಹೋಗುತ್ತಿತ್ತು.

ಒಮ್ಮೆ ಐವತ್ತರ ಆಸುಪಾಸಿನ ಲಾರಿ ಡ್ರೈವರೊಬ್ಬರು ಹಳೇ ಬೈಕು ತಂದರು.

"ಅಣ್ಣಾರ, ನಿಮ್ಮ ದಾರಿ ಹಿಡಿದು ನೆಟ್ಟಗ ಹೋಗ್ರಿ. ಹಿಂದ ಯಾರು ಬಂದ್ರೂ ಸೈಡ್ ಕೊಡಬ್ಯಾಡ್ರಿ. ನೋಡಿ ದಾಟೋದು ಹಿಂದಿನವರ ಜವಾಬ್ದಾರಿ," ಎಂದೆ.

"ಸೈಡ್ ಕೊಡದಿದ್ರ ಹೆಂಗ್ರಿ? ಅದು ಮರ್ಯಾದಿ ಅಲ್ಲ," ಎಂದರು.

ಮೂರನೇ ಸುತ್ತಿನಲ್ಲಿ ಹಿಂದೆ ಸದ್ದು ಕೇಳಿದ್ದೇ ತಡ, ಅವರು ಕೈ ಬೀಸಿ ಎಡಕ್ಕೆ ಸರಿದರು. ಹಿಂದಿನ ಸವಾರ ಎಡದಿಂದಲೇ ದಾಟಲು ಬರುತ್ತಿದ್ದ. ಅವರನ್ನು ತಪ್ಪಿಸಲು ಹೋಗಿ ಜಾರಿ ಬಿದ್ದ. ಭುಜದ ಎಲುಬು ಮುರಿಯಿತು.

ಬಾವುಟ ಬೀಸಿ ಎಲ್ಲರನ್ನೂ ನಿಲ್ಲಿಸಿ, ಬೈಯಬೇಕೆಂದೇ ಓಡಿದೆ. ಡ್ರೈವರ್ ಆಗಲೇ ಬಿದ್ದವನ ಪಕ್ಕ ಕೂತು, ಮುಖಕ್ಕೆ ಬಿಸಿಲು ಬೀಳದಂತೆ ಟವೆಲ್ ಹಿಡಿದಿದ್ದರು.

"ಇಪ್ಪತ್ತು ವರ್ಷ ಲಾರಿ ಹೊಡದೀನ್ರಿ, ಒಬ್ಬರಿಗೂ ಪೆಟ್ಟು ಮಾಡಿಲ್ಲ. ಇವತ್ತು ದಾರಿ ಬಿಟ್ಟು ಕೆಡವಿದೆ ನೋಡ್ರಿ," ಎಂದರು.

ಬೈಯುವುದು ಬಿಟ್ಟು ನಾನೂ ಟವೆಲಿನ ಇನ್ನೊಂದು ತುದಿ ಹಿಡಿದೆ.

ಆಮೇಲೆ ಹೊಸಬರಿಗೆ ಆ ನಿಯಮ ಹೇಳುವ ಕೆಲಸ ಅವರಿಗೇ ಬಿಟ್ಟೆ. ನಾನು ಹತ್ತು ಸಲ ಹೇಳಿದರೂ ಕೇಳದವರು ಡ್ರೈವರ್ ಒಂದು ಸಲ ಹೇಳಿದರೆ ಕೇಳುತ್ತಿದ್ದರು. ಅಷ್ಟು ಸಣ್ಣ ಮಾತಿಗೆ ತೂಕ ಬರಲು ಒಬ್ಬನ ಭುಜವೇ ಮುರಿಯಬೇಕಾಯಿತಲ್ಲ ಅನ್ನುವುದೊಂದೇ ಬೇಜಾರು.