ಪಟ್ಟಿಯ ನಲವತ್ತೊಂದನೆಯ ಹೆಸರು

ಮದರಸಾದ ಮಕ್ಕಳಿಗೆ ಅವರು ಚಿಲ್ಲರೆ ಮಾಮ. ಇಪ್ಪತ್ತೊಂಬತ್ತು ವರ್ಷ ಅಲ್ಲಿನ ಲೆಕ್ಕ ಬರೆದವರು. ನಾಣ್ಯ ಬಿದ್ದ ಸದ್ದಿನಲ್ಲೇ ಅದು ಯಾವ ಪೆಟ್ಟಿಗೆಯದೆಂದು ಹೇಳಿಬಿಡುತ್ತಾರೆ ಎಂದು ಮಕ್ಕಳು ನಗುತ್ತಿದ್ದರು. ಪೆಟ್ಟಿಗೆಗಳು ಎರಡು. ಒಂದರಲ್ಲಿ ದೇಣಿಗೆ: ಸಂಬಳ, ಕರೆಂಟು ಬಿಲ್ಲು, ಸುಣ್ಣಬಣ್ಣಕ್ಕೆ. ಇನ್ನೊಂದರಲ್ಲಿ ಜಕಾತ್: ಉಳ್ಳವರು ಬಡವರ ಪಾಲೆಂದು ವರ್ಷಕ್ಕೊಮ್ಮೆ ತೆಗೆದುಕೊಡುವ ಹಣ. ಅದನ್ನು ಬಡವರ ಕೈಗಲ್ಲದೆ ಬೇರೆಲ್ಲಿಗೂ ಕೊಡುವಂತಿಲ್ಲ.

ಆ ವರ್ಷ ದೇಣಿಗೆ ಬತ್ತಿತು. ನಾಲ್ಕು ತಿಂಗಳು ಯಾರಿಗೂ ಸಂಬಳವಾಗಲಿಲ್ಲ. ಮದರಸಾದ ಕಾರ್ಯದರ್ಶಿ ಬಾಗಿಲಲ್ಲೇ ನಿಂತು ಹೇಳಿದರು:

"ಜಕಾತಿನಿಂದ ಸಂಬಳಕ್ಕೆ ಸ್ವಲ್ಪ ಹಾಕಿ ಮಾಮ. ಆಮೇಲೆ ಸರಿ ಮಾಡಿದ್ರಾಯ್ತು."

"ಆಗಲ್ಲ."

"ನಿಮ್ಮ ಸಂಬಳವೂ ನಿಂತಿದೆಯಲ್ಲ?"

"ನಿಂತಿದೆ. ಬರೆದಿಟ್ಟಿದ್ದೀನಿ."

ಅದೇ ವಾರ ಮಾಮನ ಹೆಂಡತಿ ಹೊಟ್ಟೆನೋವಿನಿಂದ ಬಿದ್ದರು. ಪಿತ್ತಕೋಶದಲ್ಲಿ ಕೀವಾಗಿತ್ತು. ಮುಂಗಡ ಕಟ್ಟಿದರೆ ನಾಳೆಯೇ ಆಪರೇಷನ್ ಎಂದರು ಆಸ್ಪತ್ರೆಯವರು. ಆಕೆಯ ಬಳೆಗಳು ಮಗಳ ಮದುವೆಯಲ್ಲೇ ಕರಗಿದ್ದವು. ಮಾಮ ಮದರಸಾಕ್ಕೆ ಬಂದು ತಮ್ಮ ಕುರ್ಚಿಯಲ್ಲಿ ಕೂತರು. ಅಳು ಬರಲಿಲ್ಲ, ಕೋಪವೂ ಬರಲಿಲ್ಲ. ಜೋಮು ಹಿಡಿದ ಕಾಲಿನಂತೆ ಮೈಯೆಲ್ಲ ಬೇರೆ ಯಾರದೋ ಅನಿಸುತ್ತಿತ್ತು.

ಹಿರಿಯ ಮೌಲವಿ ಎದುರಿಗೆ ಕೂತರು. "ಬೇಜಾರು ಮಾಡ್ಕೋಬೇಡಿ. ಮನೇಲಿ ಚಿನ್ನ, ಉಳಿತಾಯ ಏನಾದ್ರೂ ಇದೆಯಾ?"

"ಏನೂ ಇಲ್ಲ."

"ಹಾಗಾದ್ರೆ ಜಕಾತಿನಲ್ಲಿ ನಿಮ್ಮ ಪಾಲೂ ಇದೆ. ಅದು ಭಿಕ್ಷೆ ಅಲ್ಲ, ಹಕ್ಕು."

"ಬಂದವರಿಗೆಲ್ಲ ನಾನೂ ಇದೇ ಹೇಳ್ತಿದ್ದೆ," ಎಂದರು ಮಾಮ. "ಹೇಳೋದು ಸುಲಭ ಇತ್ತು."

ಜಕಾತ್ ಪಡೆಯುವವರ ಪಟ್ಟಿಯಲ್ಲಿ ಕೊನೆಗಿದ್ದದ್ದು ಹೊಲಿಗೆ ಕೆಲಸದ ಒಬ್ಬ ವಿಧವೆಯ ಹೆಸರು. ಅದರ ಕೆಳಗೆ, ನಲವತ್ತೊಂದನೆಯದಾಗಿ, ತಮ್ಮ ಹೆಸರು ಬರೆದರು. ಅಕ್ಷರ ಎಂದಿನಂತೆ ದುಂಡಗೇ ಬಂತು. ಹಣ ಮಾತ್ರ ತಾವು ಎಣಿಸಲಿಲ್ಲ; ಬೀಗದಕೈಯನ್ನು ಮೌಲವಿಯ ಮುಂದೆ ಸರಿಸಿದರು.

ಆಪರೇಷನ್ ಸುಸೂತ್ರವಾಯಿತು. ಮೂರನೆಯ ದಿನ ಹೆಂಡತಿ ಕೇಳಿದರು:

"ಯಾರ ಹತ್ರ ಸಾಲ ಮಾಡಿದ್ರಿ?"

"ಸಾಲ ಅಲ್ಲ."

ಆಕೆ ಅವರ ಮುಖವನ್ನೇ ನೋಡಿದರು. ಆಮೇಲೆ ಗೋಡೆಯತ್ತ ಹೊರಳಿ, "ಬಿಸಿನೀರು ಕೊಡಿ," ಎಂದರು. ಆ ಮಾತು ಮತ್ತೆ ಅವರಿಬ್ಬರ ನಡುವೆ ಬರಲಿಲ್ಲ.

ಎರಡು ತಿಂಗಳಿಗೆ ದೇಣಿಗೆ ಬಂತು. ಬಾಕಿ ಸಂಬಳವೆಲ್ಲ ಒಟ್ಟಿಗೇ ಕೈಸೇರಿತು. ಸಂತೋಷವಾಗಬೇಕಿತ್ತು; ಮಾಮನಿಗೆ ಏನೂ ಆಗಲಿಲ್ಲ. ಸಂಜೆ ಹೆಂಡತಿಯನ್ನು ಬೀದಿಯ ಕೊನೆಯವರೆಗೆ ನಡೆಸಿಕೊಂಡು ಹೋದರು. ವೈದ್ಯರು ದಿನಾ ನಡೆಯಲು ಹೇಳಿದ್ದರು.