ಗರಗಸದ ಮುಂದೆ ಬರಿಗೈ

ಭಾಂಡುಪ್ ಸ್ಟೇಷನ್ನಿನಿಂದ ಗುಡ್ಡದ ಕಡೆಗೆ ಹತ್ತುವ ರಸ್ತೆಯಲ್ಲಿ, ಮುಚ್ಚಿಹೋದ ಕಾರ್ಖಾನೆಯೊಂದರ ಗೋಡೆಗೆ ಒರಗಿಕೊಂಡ ತಗಡಿನ ಶೆಡ್ಡಿನಲ್ಲಿ ಸುಂದ್ರವ್ವ ಮರ ಕೊಯ್ಯುತ್ತಾಳೆ. ಬಾಗಿಲ ಚೌಕಟ್ಟು, ದೇವರ ಮಂಟಪ, ಟಿವಿ ಇಡುವ ಹಲಗೆ, ಯಾರಿಗೆ ಏನು ಬೇಕೋ ಅದು. ಹೊಸಬರು ಬಂದರೆ ಮೊದಲು ಕೇಳುವುದು, ಮಿಸ್ತ್ರಿ ಎಲ್ಲಿ ಅಂತ. ಅವಳು ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಅಳತೆ ಹೇಳಿ ಅನ್ನುತ್ತಾಳೆ.

ಮಿಸ್ತ್ರಿ ಅವಳ ಗಂಡ ಕಾಶಪ್ಪ. ಇಂಡಿ ಕಡೆಯಿಂದ ಮದುವೆಯಾದ ಹೊಸತರಲ್ಲೇ ಇಬ್ಬರೂ ಬಂದವರು. ಅವನು ಗರಗಸದ ಮೇಜಿನ ಈಚೆ ನಿಂತು ಹಲಗೆ ತಳ್ಳುವುದು, ಅವಳು ಆಚೆ ನಿಂತು ಕೊಯ್ದದ್ದನ್ನು ಹಿಡಿಯುವುದು, ಇದೇ ಅವರ ಸಂಸಾರ. ಎಂಥ ಜಗಳವಿದ್ದರೂ ನಡುವೆ ಬ್ಲೇಡು ತಿರುಗುವಾಗ ಇಬ್ಬರ ಬಾಯಿಯೂ ಬಂದ್. ಸಕ್ಕರೆ ಕಾಯಿಲೆ ಕಾಶಪ್ಪನ ಕಣ್ಣಿಗೆ ಇಳಿದು ಪೆನ್ಸಿಲಿನ ಗೆರೆ ಕಾಣದಂತಾದಾಗ ಶೆಡ್ಡಿಗೆ ಬೀಗ ಹಾಕಬೇಕಿತ್ತು, ಇಲ್ಲವೇ ಸುಂದ್ರವ್ವ ಆಚೆಯಿಂದ ಈಚೆಗೆ ಬರಬೇಕಿತ್ತು. ಅವಳು ಬಂದಳು.

ಅವನೇನೂ ಸುಮ್ಮನೆ ಬಿಟ್ಟುಕೊಡಲಿಲ್ಲ. ಪ್ಲಗ್ ಕೀಳಿಸಿ, ಮೆಷಿನ್ನನ್ನು ಮೊದಲಿನಿಂದ ಕೂರಿಸಿದ. ಕಾಲಿನಡಿ ಚಕ್ಕೆ ಕೊಡಿಸಿ ಮೇಜು ಅಲುಗದ ಹಾಗೆ ಮಾಡಿಸಿದ. ಹಲಗೆ ಆನಿಸುವ ಪಟ್ಟಿ ಬ್ಲೇಡಿನ ಮುಂದಿನ ಹಲ್ಲಿಗೂ ಹಿಂದಿನ ಹಲ್ಲಿಗೂ ಒಂದೇ ಅಂತರದಲ್ಲಿದೆಯೇ ಎಂದು ಅವಳು ಸ್ಕೇಲು ಹಿಡಿದು ನೋಡಿದರೆ ಅವನು ಬೆರಳಿಟ್ಟು ನೋಡಿದ. ಪಟ್ಟಿ ಹಿಂದುಗಡೆ ಕೂದಲೆಳೆಯಷ್ಟು ಬ್ಲೇಡಿನ ಕಡೆಗೆ ಒತ್ತಿದರೂ ಹಲಗೆ ಸಿಕ್ಕಿಕೊಂಡು ನಿಂತವರ ಹೊಟ್ಟೆಗೇ ವಾಪಸು ಹಾರುತ್ತದೆ. ಕೊಯ್ದ ಸೀಳು ಮುಚ್ಚಿಕೊಂಡು ಬ್ಲೇಡನ್ನು ಹಿಡಿಯದಂತೆ ಅದರ ಬೆನ್ನಿಗೆ ನಿಲ್ಲುವ ತಗಡನ್ನೂ ಮೇಲಿನ ಗಾರ್ಡನ್ನೂ ಬಿಗಿಸಿದ. ಆಚೆ ಅವಳಿದ್ದ ಜಾಗದಲ್ಲಿ ಒಂದು ಕಟ್ಟಿಗೆಯ ಸ್ಟ್ಯಾಂಡು ನಿಲ್ಲಿಸಿದ. ಆಮೇಲೆ ಪಾಠ ಶುರುವಾಯಿತು. ಹಲ್ಲು ಹಲಗೆಯ ಮೇಲೆ ತುಸುವೇ ಇಣುಕಬೇಕು. ಬ್ಲೇಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು. ಕೊನೆಯ ಗೇಣನ್ನು ಕೈಯಿಂದಲ್ಲ, ಕೋಲಿನಿಂದ ತಳ್ಳಬೇಕು. ಸೆರಗು ಸೊಂಟಕ್ಕೆ ಬಿಗಿದು ಮೇಲೆ ಅವನ ಹಳೆಯ ಅರ್ಧ ತೋಳಿನ ಅಂಗಿ. ಕೈಗವಸು ಬೇಡವೇ ಬೇಡ, ಹಲ್ಲಿಗೆ ಬಟ್ಟೆ ಸಿಕ್ಕರೆ ಕೈಯನ್ನೂ ಒಳಗೆ ಎಳೆದುಕೊಳ್ಳುತ್ತದೆ. ಅದೇ ಉಸಿರಿನಲ್ಲಿ, ಬಳೆಯೂ ಬೇಡ ಅಂದ.

ಮಿಕ್ಕಿದ್ದಕ್ಕೆಲ್ಲ ತಲೆಯಾಡಿಸಿದವಳು ಇಲ್ಲಿ ನಿಂತುಬಿಟ್ಟಳು. ಬಳೆ ಇಲ್ಲದ ಕೈ ಎಂದರೆ ಅವಳ ಊರಲ್ಲಿ ಒಂದೇ ಅರ್ಥ. ಹೊಸ ಬಳೆ ತೊಡುವಾಗಲೂ ಕೈ ಬರಿದಾಗದಿರಲೆಂದು ಹಳೆಯದೊಂದನ್ನು ಉಳಿಸಿಕೊಂಡೇ ತೊಡುತ್ತಾರೆ. ಆದರೂ ಹೊಟ್ಟೆಪಾಡು ಕೇಳಬೇಕಲ್ಲ. ಸೋಪು ಹಚ್ಚಿ ಹಸಿರು ಬಳೆ ಕಳಚಿ ಊಟದ ಡಬ್ಬಿಯಲ್ಲಿಟ್ಟಳು, ಕೆಲಸ ಕಲಿತಳು.

ಹಾಗಿರುವಾಗ ಒಂದು ಮಧ್ಯಾಹ್ನ ಬರಿಗೈಯಲ್ಲೇ ನೀರಿಗೆ ಹೋದಳು. ನಲ್ಲಿಯ ಪಕ್ಕ ಇಸ್ತ್ರಿ ಅಂಗಡಿ ಇಟ್ಟಿರುವ ವೈಶಾಲಿ ಅವಳ ಮಣಿಕಟ್ಟು ನೋಡಿದವಳೇ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, ಮೆಲ್ಲಗೆ, “ಕಾಶಪ್ಪ ಭಾವು... ಕಧೀ?” ಎಂದಳು. ಯಾವಾಗ ಹೋದರು ಎಂದು ಕೇಳುತ್ತಿದ್ದಾಳೆ. ಸುಂದ್ರವ್ವ ಖಾಲಿ ಕೊಡದೊಂದಿಗೆ ವಾಪಸು ಬಂದಳು. ಸತ್ತನೆಂದುಕೊಂಡ ಗಂಡ ಸ್ವಿಚ್ಚಿನ ಪಕ್ಕ ಸ್ಟೂಲಿನ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದ. ಅವನನ್ನು ನೋಡಿ ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು.

ಮರುದಿನದಿಂದ ಅವಳು ಬಳೆ ತೆಗೆಯಲಿಲ್ಲ. ಆದರೆ ಸ್ವಿಚ್ಚು ಕಾಶಪ್ಪನ ಕೈಯಲ್ಲಿ, ಅವನ ಕಿವಿಯೋ ಬಲು ಚುರುಕು. ಬಳೆ ಕಿಣಿ ಎಂದರೆ ಅವನು ಸ್ವಿಚ್ಚು ಒತ್ತುವ ಪೈಕಿಯಲ್ಲ. ಅದಕ್ಕೆ ಸುಂದ್ರವ್ವ ಬಳೆಗಳನ್ನು ಮೇಲೆ ಸರಿಸಿ, ಹಳೆಯ ಸೀರೆಯ ತುಂಡು ಸುತ್ತಿ ಗಂಟು ಹಾಕಿದಳು. ಸದ್ದು ಅಡಗಿತು. ಗಂಡನ ಎದುರು ನಿಂತೇ ಮೋಸ ಮಾಡಬಹುದು, ಅಷ್ಟು ಕಣ್ಣು ಹೋಗಿದೆ ಅವನಿಗೆ ಎಂದು ಆಗ ಹೊಳೆಯಿತು. ಆದರೂ ಬಿಚ್ಚಲಿಲ್ಲ.

ಪವಾಯಿಯ ಒಂದು ಮನೆಯ ಅಡುಗೆಕೋಣೆಗೆ ಸಪೂರ ಪಟ್ಟಿಗಳನ್ನು ಕೊಯ್ಯುತ್ತಿದ್ದಳು. ಸಪೂರ ಪಟ್ಟಿ ಎಂದರೆ ಕೋಲು ಹಿಡಿದರೂ ಕೈ ಬ್ಲೇಡಿಗೆ ಹತ್ತಿರವೇ. ಗಂಟು ಸಡಿಲಾಗಿ ಬಟ್ಟೆಯ ತುದಿ ಇಳಿಬಿದ್ದದ್ದು ಅವಳಿಗೆ ಕಾಣಲಿಲ್ಲ. ಗಾರ್ಡಿನ ಬಾಯಲ್ಲಿ ಹಲ್ಲು ಅದನ್ನು ಕಚ್ಚಿತು, ಕೈಯನ್ನು ಯಾರೋ ಜಗ್ಗಿದಂತಾಯಿತು. ಜೀರ್ಣವಾದ ಸೀರೆ, ಪರ್ರನೆ ಹರಿಯಿತು. ಹೊಸದಾಗಿದ್ದರೆ ಈ ಕಥೆಯನ್ನು ಬೇರೆ ರೀತಿ ಹೇಳಬೇಕಾಗುತ್ತಿತ್ತು.

ಹರಿದ ಸದ್ದಿಗೆ ಕಾಶಪ್ಪ ಸ್ವಿಚ್ಚು ಆರಿಸಿದ. ಬ್ಲೇಡು ಪೂರಾ ನಿಲ್ಲುವ ತನಕ ಯಾರೂ ಅಲುಗಬಾರದು ಎಂಬುದು ಅವನದೇ ನಿಯಮ, ಅದಕ್ಕೆ ಕಾದ. ಆಮೇಲೆ ಮೇಜಿನ ಅಂಚು ತಡವುತ್ತ ಬಂದು ಅವಳ ಕೈ ಹಿಡಿದು ಒಂದೊಂದೇ ಬೆರಳು ಮುಟ್ಟಿ ನೋಡಿದ. ಎಲ್ಲ ಇದ್ದವು. ಮೇಲೆ ಹೋದ ಅವನ ಕೈಗೆ ಹರಿದ ಬಟ್ಟೆ ಸಿಕ್ಕಿತು, ಬಟ್ಟೆಯೊಳಗೆ ಬಳೆ ಸಿಕ್ಕವು.

“ಯಾಕ ಮುಚ್ಚಿಟ್ಟಿ?” ಎಂದ.

“ನಿಮ್ಮ ಆಯುಷ್ಯ ಅದರಾಗ ಅದ,” ಎಂದಳು ಸುಂದ್ರವ್ವ.

ಅವನು ಅವಳ ಬೆರಳುಗಳನ್ನು ಒಟ್ಟಿಗೆ ಹಿಡಿದುಕೊಂಡ. “ನನ್ನ ಆಯುಷ್ಯ ಈ ಬೆರಳಿನಾಗ ಅದ, ಸುಂದ್ರೀ. ಇವು ಹೋದ್ರ ನಾ ಇದ್ದು ಏನ ಮಾಡ್ಲಿ?”

ಇಬ್ಬರೂ ಮರದ ಹುಡಿಯ ಮೇಲೆ ಕೂತು ಅತ್ತರು. ಅವಳು ಬಳೆ ಕಳಚಿ ಡಬ್ಬಿಗೆ ಹಾಕಹೋದಾಗ ಅವನು ಬೇಡವೆಂದು ಕೈ ಚಾಚಿದ. ಅವನ ದಪ್ಪ ಮುಂಗೈಗೆ ಅವು ಹತ್ತುವಂತಿರಲಿಲ್ಲ, ಬೆರಳುಗಳಿಗೆ ಸಿಕ್ಕಿಸಿಕೊಂಡ. ಅಂದಿನಿಂದ ಅದೇ ರೂಢಿ. ಅವಳು ಗೆರೆಗೆ ಹಲಗೆ ಹಿಡಿದು ಹೂಂ ಅಂದರೆ, ಸ್ವಿಚ್ಚಿನ ಕಡೆಯಿಂದ ಅವನು ಬಳೆ ಅಲುಗಿಸುತ್ತಾನೆ. ಬಳೆಯೆಲ್ಲ ಅವನ ಹತ್ತಿರ ಇವೆ ಎಂದು ಇಬ್ಬರಿಗೂ ಗೊತ್ತಾದ ಮೇಲೆಯೇ ಮೆಷಿನ್ ಶುರು. ಗಿರಾಕಿಗಳು ನಗುತ್ತಾರೆ, ಅವನೂ ನಗುತ್ತಾನೆ. ಸಂಜೆ ಅವನೇ ಸೋಪು ಹಚ್ಚಿ ಅವಳಿಗೆ ತೊಡಿಸುತ್ತಾನೆ.

ಮೊನ್ನೆ ಸುಂದ್ರವ್ವ ಮತ್ತೆ ಬರಿಗೈಯಲ್ಲಿ ನೀರಿಗೆ ಹೋದಳು. ವೈಶಾಲಿಯ ಕಣ್ಣು ಅಭ್ಯಾಸಬಲದಿಂದ ಮಣಿಕಟ್ಟಿಗೇ ಹೋಯಿತು. ಅಷ್ಟರಲ್ಲಿ ಶೆಡ್ಡಿನೊಳಗಿಂದ ಬಳೆಯ ಸದ್ದು ಕೇಳಿಸಿತು, ಒಂದು ಸಲ, ಸ್ವಲ್ಪ ಬಿಟ್ಟು ಇನ್ನೊಂದು ಸಲ, ಕಾದು ಬೇಸತ್ತವರ ಹಾಗೆ. ಸುಂದ್ರವ್ವ ಕೊಡ ಎತ್ತಿಕೊಂಡು, ತನ್ನ ಹರಕು ಮರಾಠಿಯಲ್ಲಿ, ಇದ್ದಾರೆ, ಕರೆಯುತ್ತಿದ್ದಾರೆ ಎಂದಳು.