ಕೂತ್ಕೋ ಅಂದರೂ ಕೂರಲಿಲ್ಲ

ಚರ್ಚಾಸ್ಪರ್ಧೆಯ ವೇದಿಕೆಯನ್ನು ನಾನು ಮೊದಲ ಸಲ ಹತ್ತಿದ್ದು ಐವತ್ತರ ದಶಕದ ಕೊನೆಯಲ್ಲಿ, ಶಿವಮೊಗ್ಗದಲ್ಲಿ ಕಾಲೇಜು ಓದುತ್ತಿದ್ದಾಗ. ಅಲ್ಲಿಯವರೆಗೆ ಅಲ್ಲಿ ಹುಡುಗಿಯರಿಗಿದ್ದ ಕೆಲಸ ಒಂದೇ: ಪ್ರಾರ್ಥನೆ ಹಾಡಿ ಇಳಿಯುವುದು. ನಾನು ಹೆಸರು ಕೊಡಲು ಹೋದಾಗ ಚರ್ಚಾಕೂಟ ನೋಡಿಕೊಳ್ಳುತ್ತಿದ್ದ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, "ಹಾಡೋದಕ್ಕೇನಮ್ಮ?" ಎಂದರು.

"ಅಲ್ಲ ಸಾರ್, ಮಾತಾಡೋದಕ್ಕೆ."

"ನಿನ್ನ ಧ್ವನಿ ಸ್ವಲ್ಪ ಒರಟು. ಯೋಚನೆ ಮಾಡು."

"ಮಾಡಿದೀನಿ ಸಾರ್."

ಧ್ವನಿ ಒರಟಾಗಿದ್ದಕ್ಕೆ ಕಾರಣವಿತ್ತು. ನಮ್ಮ ಮನೆ ಭದ್ರಾವತಿಯಲ್ಲಿ, ನ್ಯೂ ಟೌನಿನಿಂದ ಸ್ವಲ್ಪ ಆಚೆ. ದಿನಾ ಬೆಳಗಿನ ರೈಲಿನಲ್ಲಿ ಕಾಲೇಜಿಗೆ ಬರುತ್ತಿದ್ದೆ. ಅಪ್ಪ, ತಗಡು ಬಡಿದು ನೀರಿನ ಟ್ಯಾಂಕು ಮಾಡುವ ಒಂದು ಖಾಸಗಿ ಶೆಡ್ಡಿನಲ್ಲಿ ಕೆಲಸಗಾರ. ವರ್ಷಗಟ್ಟಲೆ ಸುತ್ತಿಗೆಯ ಸದ್ದಿನಲ್ಲೇ ಇದ್ದು ಅವನ ಕಿವಿ ಮುಕ್ಕಾಲು ಹೋಗಿತ್ತು. ಅವನಿಗೆ ಏನಾದರೂ ಹೇಳಬೇಕಾದರೆ ಎದುರು ನಿಂತು, ಮುಖ ನೋಡಿ, ಒಂದೊಂದು ಮಾತನ್ನೂ ಬಿಡಿಸಿ ಹೇಳಬೇಕು. ಹಾಗೆ ಬೆಳೆದವಳ ಗಂಟಲಿನಲ್ಲಿ ನಯ ಎಲ್ಲಿಂದ ಬರಬೇಕು?

ಆ ಸಲದ ವಿಷಯ ಪಟ್ಟಣದ ಬದುಕು ಮೇಲೋ ಹಳ್ಳಿಯ ಬದುಕು ಮೇಲೋ ಎಂಬುದು. ನಾಲ್ಕು ಪುಟ ಬರೆದು ಬಾಯಿಪಾಠ ಮಾಡಿದ್ದೆ. ವೇದಿಕೆಯ ಮೇಲೆ ನಿಂತು ಮೂರನೆಯ ವಾಕ್ಯಕ್ಕೆ ಬರುವ ಹೊತ್ತಿಗೆ ನಾಲ್ಕನೆಯದು ತಲೆಯಿಂದ ಹಾರಿಹೋಯಿತು. ಮತ್ತೆ ಮೊದಲಿನಿಂದ ಶುರು ಮಾಡಿದೆ. ಅದೇ ಜಾಗಕ್ಕೆ ಬಂದು ಮತ್ತೆ ನಿಂತೆ. ಹಿಂದಿನ ಬೆಂಚಿನಲ್ಲಿ ಯಾರೋ ಶಿಳ್ಳೆ ಹಾಕಿದರು. ಹಾಲ್ ತುಂಬ ನಗು.

"ಸಾಕಮ್ಮ, ಕೂತ್ಕೋ," ಎಂದರು ಮೇಷ್ಟ್ರು.

ಆ "ಸಾಕಮ್ಮ"ದಲ್ಲಿ ಬೈಗುಳವಿರಲಿಲ್ಲ. ಇದು ಹೀಗೇ ಆಗುವುದೆಂದು ಮೊದಲೇ ಗೊತ್ತಿದ್ದವರ ಸಮಾಧಾನವಿತ್ತು. ನನಗೆ ಉರಿದದ್ದು ಅದಕ್ಕೆ.

"ಐದು ನಿಮಿಷ ಕೊಟ್ಟಿದೀರಿ ಸಾರ್. ಇನ್ನೂ ಗಂಟೆ ಹೊಡೆದಿಲ್ಲ," ಎಂದೆ.

ಹೇಳಿಬಿಟ್ಟೆ, ನಿಜ. ಆದರೆ ಆಡಲು ಒಂದು ಮಾತೂ ಇರಲಿಲ್ಲ. ಮೇಜಿನ ಅಂಚು ಹಿಡಿದು ಸುಮ್ಮನೆ ನಿಂತೆ. ಮೊದಲು ಇನ್ನಷ್ಟು ನಕ್ಕರು. ಆಮೇಲೆ ನಗುವುದಕ್ಕೂ ಬೇಜಾರಾಯಿತೇನೋ, ನಿಂತಿತು. ಕೆಲವರು ಕತ್ತು ತಗ್ಗಿಸಿದರು. ಗಂಟೆ ಹೊಡೆದ ಮೇಲೆ "ನಮಸ್ಕಾರ" ಎಂದು ಹೇಳಿ ಇಳಿದು, ಹುಡುಗಿಯರ ಕೋಣೆಗೆ ಹೋಗಿ ಚೆನ್ನಾಗಿ ಅತ್ತೆ.

ಸಂಜೆ ಅಪ್ಪನಿಗೆ ಎಲ್ಲ ಹೇಳಿದೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. "ಆ ಭಾಷಣ ಎಲ್ಲಿ, ನಂಗೆ ಹೇಳು," ಎಂದು ಚಾಪೆಯ ಮೇಲೆ ಕೂತ. ಈಗ ಒಂದಕ್ಷರವೂ ತಪ್ಪದೆ ಬಂತು. ಅರ್ಧಕ್ಕೇ ಕೈಯೆತ್ತಿ ನಿಲ್ಲಿಸಿದ.

"ಆ ಗೋಡೆ ಮೇಲೆ ಯಾರಿದಾರೆ ಮಾರಾಯ್ತಿ? ನಾನು ಇಲ್ಲಿ ಕೂತಿದೀನಿ."

ನಿಜವೇ. ದಿನವೂ ಅವನ ಮುಖ ನೋಡಿ ಮಾತಾಡುತ್ತಿದ್ದವಳು, ಭಾಷಣ ಎಂದಕೂಡಲೇ ಗೋಡೆಯ ಮೇಲಿನ ಯಾವುದೋ ಕಾಣದ ಪುಟ ಓದುತ್ತಿದ್ದೆ.

"ನಿನಗಿಂತ ಮುಂಚೆ ಮಾತಾಡ್ದೋನು ಏನಂದ?"

ನನಗೆ ಗೊತ್ತಿರಲಿಲ್ಲ. ಅವನು ಮಾತಾಡುವಾಗ ನಾನು ನನ್ನ ಪಾಠ ಗುನುಗುತ್ತಿದ್ದೆ.

"ಅವನು ಏನಂದ ಅಂತ್ಲೇ ಗೊತ್ತಿಲ್ಲ. ಮತ್ತೆ ಯಾರಿಗೆ ಉತ್ತರ ಕೊಡೋಕೆ ಹೋಗಿದ್ದೆ?"

ಅಂದಿನಿಂದ ಅಪ್ಪ ಒಂದು ನಿಯಮ ಮಾಡಿದ. ದಿನಕ್ಕೊಬ್ಬರು ಆಡಿದ ಮಾತನ್ನು ಕೇಳಿಕೊಂಡು ಬಂದು, ಏನನ್ನೂ ಸೇರಿಸದೆ ಅವನಿಗೆ ಒಪ್ಪಿಸಬೇಕು. ಸುಲಭವೆಂದುಕೊಂಡಿದ್ದೆ. ಮೊದಲ ದಿನ ರೈಲಿನಲ್ಲಿ ಒಬ್ಬಾಕೆ ಸೊಸೆಯ ವಿಷಯ ಹೇಳಿದ್ದನ್ನು ತಂದೆ.

"ಸೊಸೆ ಅಡಿಗೆ ಚೆನ್ನಾಗಿ ಮಾಡ್ತಾಳಂತೆ ಅಪ್ಪ, ಅದಕ್ಕೆ ಇವಳಿಗೆ ಹೊಟ್ಟೆಕಿಚ್ಚು."

"ಹೊಟ್ಟೆಕಿಚ್ಚು ಅಂತ ಅವಳು ಹೇಳಿದ್ಲಾ?"

"ಇಲ್ಲ. 'ಚೆನ್ನಾಗಿ ಮಾಡ್ತಾಳೆ, ಮಾಡ್ಲಿ ಬಿಡು' ಅಂದ್ಲು."

"ಅಷ್ಟೇ ಹೇಳು. ಹೊಟ್ಟೆಕಿಚ್ಚು ನಿನ್ನದು."

ಬೇರೆಯವರ ಮಾತಿನೊಳಗೆ ನನ್ನದನ್ನು ಎಷ್ಟು ತುರುಕುತ್ತೇನೆಂದು ತಿಳಿದು ನಾಚಿಕೆಯಾಯಿತು. ತಿಂಗಳುಗಳೇ ಹಿಡಿದವು. ಅಪ್ಪನೂ ಹಾಗೇ ಕೇಳುತ್ತಿದ್ದ. ತುಟಿ ನೋಡಿ, ಕಣ್ಣು ನೋಡಿ, ಗೊತ್ತಾಗದಿದ್ದರೆ ಸಂಕೋಚವಿಲ್ಲದೆ "ಇನ್ನೊಂದ್ಸಲ ಹೇಳು" ಎನ್ನುತ್ತಿದ್ದ. ಕೇಳಿಸಿತು ಎಂದು ಅವನು ಸುಳ್ಳು ತಲೆಯಾಡಿಸಿದ್ದನ್ನು ನಾನು ಎಂದೂ ನೋಡಿಲ್ಲ.

ಮುಂದಿನ ಟರ್ಮಿನಲ್ಲಿ ಮತ್ತೆ ಹೆಸರು ಕೊಟ್ಟೆ. ಮೇಷ್ಟ್ರು ನಿಟ್ಟುಸಿರು ಬಿಟ್ಟು ಕೊನೆಯಲ್ಲಿ ಬರೆದುಕೊಂಡರು. ಯಂತ್ರಗಳಿಂದ ಮನುಷ್ಯನಿಗೆ ಕೇಡೇ ಹೆಚ್ಚು ಎಂಬುದು ವಿಷಯ. ನಾನು ಅದನ್ನು ವಿರೋಧಿಸಬೇಕು. ನನಗಿಂತ ಮುಂಚೆ ಮಾತಾಡಿದವನು ಸವಳಂಗ ರಸ್ತೆಯ ಜಮೀನ್ದಾರರ ಮನೆಯ ಹುಡುಗ. ಕಾಲೇಜಿನಲ್ಲೇ ಒಳ್ಳೆಯ ಮಾತುಗಾರನೆಂದು ಹೆಸರು. ಈ ಸಲ ನಾನು ಏನನ್ನೂ ಗುನುಗಲಿಲ್ಲ. ಅವನ ಬಾಯನ್ನೇ ನೋಡುತ್ತ ಕೂತೆ.

"ಭದ್ರಾವತಿಯ ಕೂಲಿಗಳನ್ನು ನೋಡಿ," ಎಂದ ಅವನು. "ಯಂತ್ರದ ಜೊತೆಗಿದ್ದು ಅವರೂ ಯಂತ್ರಗಳೇ ಆಗಿದ್ದಾರೆ. ಕಿವಿ ಕೇಳದು, ಬಾಯಿ ಬಾರದು. ಅವರ ಮೇಲೆ ನಮಗೆ ಕನಿಕರವಿರಲಿ."

ಜೋರು ಚಪ್ಪಾಳೆ. ನನ್ನ ಸರದಿ ಬಂತು. ಬರೆದು ತಂದ ಹಾಳೆಯನ್ನು ಕುರ್ಚಿಯ ಮೇಲೇ ಬಿಟ್ಟು ಹೋದೆ. ಮೊದಲು ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಒಪ್ಪಿಸಿ, "ನೀವು ಹೇಳಿದ್ದು ಇದೇ ತಾನೇ?" ಎಂದು ಕೇಳಿದೆ. ಅವನು ಹೌದೆಂದು ತಲೆಯಾಡಿಸಿದ.

"ನಮ್ಮಪ್ಪ ಅಂಥ ಒಬ್ಬ ಕೂಲಿ," ಎಂದೆ. "ಅವನ ಕಿವಿ ಹೋಗಿರುವುದು ನಿಜ. ಕೆಲಸದ ಸದ್ದಿನಿಂದಲೇ ಹೋಯಿತು. ನೀವು ಹೇಳಿದ್ದರಲ್ಲಿ ಅಷ್ಟನ್ನು ಒಪ್ಪುತ್ತೇನೆ. ಆದರೆ ಅವನು ಯಂತ್ರವಾಗಿಲ್ಲ. ಈ ಹಾಲಿನಲ್ಲಿರುವ ಎಲ್ಲರಿಗಿಂತ ಚೆನ್ನಾಗಿ ಕೇಳುತ್ತಾನೆ. ಅವನ ಬಾಯಿ ಬಾರದೆಂದು ಹೇಳಿದಿರಿ. ಅವನ ಜೊತೆ ಯಾವತ್ತು ಮಾತಾಡಿದ್ದಿರಿ? ನಿಮ್ಮ ಕನಿಕರ ನಮಗೆ ಬೇಡ. ಬೇಕಾದರೆ ಬಂದು ಅವನನ್ನು ಒಂದು ಮಾತು ಕೇಳಿ."

ಶಿಳ್ಳೆ ಬರಲಿಲ್ಲ. ಚಪ್ಪಾಳೆಯೂ ತಡವಾಗಿ, ಅಲ್ಲೊಂದು ಇಲ್ಲೊಂದು ಬಂತು. ಬಹುಮಾನ ಆ ಹುಡುಗನಿಗೇ ಹೋಯಿತು. ತೀರ್ಪುಗಾರರೊಬ್ಬರು, "ಈ ಹುಡುಗಿ ಎದುರಾಳಿಯ ವಾದವನ್ನು ಅರ್ಧ ಒಪ್ಪಿಬಿಟ್ಟಳು. ಜೊತೆಗೆ ಮಾತಿನಲ್ಲಿ ಜಗಳದ ಧಾಟಿ," ಎಂದರು. ಅರ್ಧ ನಿಜವಿದ್ದದ್ದನ್ನು ಅರ್ಧ ಒಪ್ಪಿದ್ದೆ. ಇಂದೂ ನನಗೆ ಅದರಲ್ಲಿ ತಪ್ಪು ಕಂಡಿಲ್ಲ. ಜಗಳವಂತೂ ಆಡಿದ್ದು ಹೌದು.

ಸಂಜೆ ಅಪ್ಪನೆದುರು ಕೂತು ಎಲ್ಲವನ್ನೂ ಒಂದಕ್ಷರ ಸೇರಿಸದೆ ಒಪ್ಪಿಸಿದೆ. ಅವನು ಹಿಗ್ಗುವನೆಂದು ಕಾದೆ. ಅವನು ಹಿಗ್ಗಲಿಲ್ಲ.

"ಕಿವಿ ವಿಷಯ ಶೆಡ್ಡಿನಲ್ಲಿ ಯಾರಿಗೂ ಹೇಳಿಲ್ಲ ಕಣೇ," ಎಂದ. "ಕೇಳಿಸ್ದೆ ಇರೋನ ಕೈಗೆ ಸುತ್ತಿಗೆ ಕೊಡಲ್ಲ. ಊರಿನವರ ಮುಂದೆ ಹೇಳೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳ್ಬೇಕಾಗಿತ್ತು."

ರೈಲಿನಲ್ಲಿ ಬಂದವರ ಮಾತೆಲ್ಲ ಕೇಳಿಕೊಂಡು ಬಂದವಳು, ಮನೆಯೊಳಗಿನವನನ್ನು ಮಾತ್ರ ಕೇಳಿರಲಿಲ್ಲ. "ತಪ್ಪಾಯ್ತು ಅಪ್ಪ," ಎಂದೆ.

"ಆಯ್ತು ಬಿಡು. ಇನ್ಮೇಲೆ ಕೇಳು. ಕೇಳಿದ್ಮೇಲೆ, ಇವತ್ತಿಗಿಂತ ಜೋರಾಗಿ ಹೇಳು."

ಸುದ್ದಿ ಭದ್ರಾವತಿಗೆ ಬರಲು ವಾರ ಹಿಡಿಯಲಿಲ್ಲ. ಶೆಡ್ಡಿನ ಮೇಸ್ತ್ರಿ ಕರೆದು ಕೇಳಿದರಂತೆ. ಅಪ್ಪ ಮುಚ್ಚಿಡಲಿಲ್ಲ. "ಕಿವಿ ಇಲ್ಲ, ಕಣ್ಣಿದೆ. ಎದುರು ಬಂದು ಹೇಳಿ, ಮಾಡ್ತೀನಿ," ಎಂದನಂತೆ. ಮೇಸ್ತ್ರಿ ಕೊನೆಗೆ ಅವನನ್ನು ತಗಡಿನ ಮೇಲೆ ಅಳತೆ ಹಾಕಿ ಗುರುತು ಮಾಡುವ ಕೆಲಸಕ್ಕೆ ಹಾಕಿದರು. ಅಪ್ಪನಿಗೆ ಸುತ್ತಿಗೆ ಬಿಟ್ಟದ್ದು ಕೆಲವು ದಿನ ಅವಮಾನವೆನಿಸಿತು. ಅದಕ್ಕೆ ನಾನೇ ಕಾರಣವೆಂಬುದನ್ನು ಅವನೂ ಮರೆಯಲಿಲ್ಲ, ನಾನೂ ಮರೆತಿಲ್ಲ.

ಮರುವರ್ಷ ಹೆಸರು ಕೊಡಲು ಹೋದೆ. ಮೇಷ್ಟ್ರು ಪೆನ್ನು ಹಿಡಿದವರು ತಡೆದು, "ಮತ್ತೆ ಜಗಳಾನೇ ಆಡ್ತೀಯೇನಮ್ಮ?" ಎಂದು ಕೇಳಿದರು.

"ಎದುರಿನೋರು ಏನು ಹೇಳ್ತಾರೆ ಅಂತ ಕೇಳಿ ಆಮೇಲೆ ನೋಡ್ತೀನಿ ಸಾರ್," ಎಂದೆ.

ಅವರು ಒಂದು ಗಳಿಗೆ ನನ್ನ ಮುಖ ನೋಡಿ, ಹೆಸರು ಬರೆದುಕೊಂಡರು.